‘ಯಾವುದಾದರೂ ಒಂದಕ್ಕೆ ಗುರುತು ಹಾಕಿ’ ಎಂದ ಆಯ್ಕೆ ಸಮಿತಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಕಲೆ ಹಾಗೂ ಕರಕುಶಲ ಪ್ರದರ್ಶನದ ಆಯ್ಕೆ ಸಮಿತಿ,
ಮೈಸೂರು

ವಿಷಯ: ಎರಡು ಪರಂಪರೆ ಸೇರಿದ ಕೆಲಸಕ್ಕೆ ಒಂದೇ ಹೆಸರು ಹಚ್ಚುವ ನಿಯಮವನ್ನು ಬದಲಿಸುವ ಬಗ್ಗೆ

ಮಾನ್ಯರೇ,

ನಮಸ್ಕಾರ. ಈ ದೂರನ್ನು ಮೊದಲು ನಿಮ್ಮ ಕಚೇರಿಗೇ ಬರೆದು ಕೊಟ್ಟಿದ್ದೆ. ಸೀಲು ಬಿತ್ತು, ಉತ್ತರ ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ ‘ನೋಡ್ತೀವಿ ಮೇಡಂ’ ಅಂದರು. ಅದಕ್ಕೇ ಈಗ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರಾಗಲಿ, ಯಾರೊಬ್ಬರ ಹೆಸರಾಗಲಿ ಇಲ್ಲಿ ಹೇಳುವುದಿಲ್ಲ. ನನಗೆ ಜಗಳ ಬೇಕಿಲ್ಲ. ಒಂದು ನಿಯಮ ಬದಲಾಗಬೇಕು, ನಾನು ಪ್ರದರ್ಶನಕ್ಕೆ ಕೊಟ್ಟ ಅಚ್ಚಿನ ಬಟ್ಟೆಯ ಕೆಳಗೆ ನೀವು ಅಂಟಿಸಿದ ಒಂದು ಚೀಟಿ ಬದಲಾಗಬೇಕು.

ನಿಮ್ಮ ಅರ್ಜಿಯಲ್ಲಿ ‘ಕಲಾವಿದರ ಪರಂಪರೆ’ ಅಂತ ಒಂದು ಕಾಲಂ ಇದೆ. ಅದರ ಕೆಳಗೆ ಕೈಮಗ್ಗ, ಮೈಸೂರು ಚಿತ್ರಕಲೆ, ಮರದ ಕೆತ್ತನೆ, ಬುಡಕಟ್ಟು ಕಲೆ, ಟಿಬೆಟಿಯನ್ ಕಲೆ, ಇತರೆ ಅಂತ ಚೌಕಗಳಿವೆ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಯಾವುದಾದರೂ ಒಂದಕ್ಕೆ ಗುರುತು ಹಾಕಿ’ ಅಂತಿದೆ. ನಾನು ಕೈಮಗ್ಗಕ್ಕೂ ಟಿಬೆಟಿಯನ್ ಕಲೆಗೂ ಗುರುತು ಹಾಕಿದೆ. ಬೇಕಂತಲೇ ಹಾಕಿದೆ, ಯಾಕೆಂದರೆ ನಿಜ ಅದೇ. ಅರ್ಜಿ ‘ಅಪೂರ್ಣ’ ಅಂತ ವಾಪಸ್ ಬಂತು.

ನಾನು ಯಾರು ಅಂತ ಹೇಳಿಬಿಡುತ್ತೇನೆ, ಆಗ ನನ್ನ ತಕರಾರು ಸುಲಭವಾಗಿ ಅರ್ಥವಾಗುತ್ತೆ. ನಮ್ಮಪ್ಪನ ಮನೆ ಮಂಡ್ಯ ಜಿಲ್ಲೆ ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದಲ್ಲಿದೆ. ಅದು ನೇಕಾರರ ಊರು. ನಮ್ಮ ತಾತ ಗುಂಡಿಮಗ್ಗದಲ್ಲಿ ನೇಯುತ್ತಿದ್ದರು, ಈಗಲೂ ನಮ್ಮ ಚಿಕ್ಕಪ್ಪ ನೇಯುತ್ತಾರೆ. ಅಮ್ಮನ ಮನೆ ಬೈಲಕುಪ್ಪೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಅವರ ಹಿಂದೆ ಟಿಬೆಟ್‌ನ ಸಾವಿರಾರು ಜನ ಗಡಿ ದಾಟಿ ಬಂದರು. ಆಗಿನ ಮೈಸೂರು ಸರ್ಕಾರ ಕೊಟ್ಟ ಜಮೀನಿನಲ್ಲಿ 1960ರ ದಶಕದಲ್ಲಿ ಅವರಲ್ಲಿ ಕೆಲವರು ಕಾಡು ಕಡಿದು, ಜೋಳ ಬೆಳೆದು ಊರು ಕಟ್ಟಿಕೊಂಡರು. ನಮ್ಮ ಅಜ್ಜಿ ಅವರಲ್ಲೊಬ್ಬರು. ಅವರನ್ನು ನಾವು ಮೋಲಾ ಅನ್ನುತ್ತಿದ್ದೆವು. ಮೋಲಾ ಅಲ್ಲಿ ರತ್ನಗಂಬಳಿ ನೇಯುವ ಕೇಂದ್ರದಲ್ಲಿ ದುಡಿದರು. ಅಮ್ಮ ಚಳಿಗಾಲದಲ್ಲಿ ಮಂಡ್ಯಕ್ಕೆ ಬಂದು ಸ್ವೆಟರ್ ಮಾರುತ್ತಿದ್ದರು. ಮುಂದಿನದು ನೀವೇ ಊಹಿಸಬಹುದು. ಎರಡೂ ಮನೆಯವರು ಮೊದಲು ಸಿಟ್ಟಾದರು, ಆಮೇಲೆ ಒಪ್ಪಿದರು. ನಾನು ಹುಟ್ಟಿದ್ದು, ಓದಿದ್ದು, ವುಡ್‌ಕಟ್ (ಮರದ ಹಲಗೆ ಕೆತ್ತಿ ಅಚ್ಚು ತೆಗೆಯುವ ಕಲೆ) ಕಲಿತದ್ದು ಎಲ್ಲಾ ಮೈಸೂರಿನಲ್ಲೇ.

ಈಗ ಕೆಲಸದ ವಿಚಾರ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ನಿಮ್ಮ ಸಮಿತಿಯಲ್ಲಿ ಯಾರೂ ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಲಿಲ್ಲ, ಫೋಟೊ ನೋಡಿ ತೀರ್ಮಾನ ಮಾಡಿದಿರಿ ಅಂತ ಆಮೇಲೆ ತಿಳಿಯಿತು.

ಟಿಬೆಟ್ ಕಡೆಯ ಮದುವೆಯಾದ ಹೆಂಗಸರು ಉಡುಪಿನ ಮೇಲೆ ಮುಂದುಗಡೆಗೆ ಪಟ್ಟೆಪಟ್ಟೆಯ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಅದರ ಹೆಸರು ಪಂಗ್ದೆನ್. ಅದನ್ನು ಸಾಮಾನ್ಯವಾಗಿ ಮೂರು ಕಿರಿದಾದ ಪಟ್ಟಿಗಳಾಗಿ ನೇಯ್ದು ಪಕ್ಕಪಕ್ಕ ಇಟ್ಟು ಹೊಲಿಯುತ್ತಾರೆ. ಹೊಲಿಯುವಾಗ ಒಂದು ಪಟ್ಟಿಯ ಗೆರೆ ಇನ್ನೊಂದರ ಗೆರೆಗೆ ಕೂಡದ ಹಾಗೆ ನೋಡಿಕೊಳ್ಳುತ್ತಾರೆ. ಕೂಡದೆ ಇರುವುದೇ ಅದರ ಚೆಂದ. ನಾನು ಚಿಕ್ಕಪ್ಪನಿಗೆ ಮೋಲಾಳ ಹಳೆ ಪಂಗ್ದೆನ್ ತೋರಿಸಿ, ಇಷ್ಟೇ ಅಗಲದ ಮೂರು ಪಟ್ಟಿ ಹತ್ತಿಯಲ್ಲಿ ನೇಯ್ದು ಕೊಡಿ ಅಂದೆ. ಸೀರೆ ನೇಯುವ ಮಗ್ಗದಲ್ಲಿ ಕಿರಿದಾದ ಪಟ್ಟಿಗೆ ಹಾಸು (ಉದ್ದುದ್ದ ಎಳೆ) ಹೂಡುವುದು ತಲೆನೋವಿನ ಕೆಲಸ. ‘ಇದೇನವ್ವ, ಸೀರೆಯೂ ಅಲ್ಲ, ಪಂಚೆಯೂ ಅಲ್ಲ’ ಅಂದರು. ಆಮೇಲೆ ಆ ಬಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಒಂದು ಗೆರೆಯಲ್ಲಿ ಎಷ್ಟು ಎಳೆ ಇದೆ ಅಂತ ಉಗುರಲ್ಲಿ ಎಣಿಸಿಕೊಂಡು, ಹಾಗೆಯೇ ನೇಯ್ದರು. ಎರಡೂ ಕಡೆಯ ಅಂಚಿಗೆ ಮಾತ್ರ ತಾತ ಹಾಕುತ್ತಿದ್ದ ಸಣ್ಣ ಹಲ್ಲಿನ ಅಂಚನ್ನೇ ಹಾಕಿದರು. ನಾನು ಕೇಳಿರಲಿಲ್ಲ. ಅವರ ಕೈಗೆ ಅದೇ ಬಂತು.

ಆ ಬಟ್ಟೆಯ ಮೇಲೆ ಅಚ್ಚು. ನಮ್ಮ ದೇಶದ ಹೆಚ್ಚಿನ ಕಡೆ ಅಚ್ಚನ್ನು ಬಣ್ಣಕ್ಕೆ ಅದ್ದಿ ಬಟ್ಟೆಯ ಮೇಲೆ ಒತ್ತುತ್ತಾರೆ. ಬೈಲಕುಪ್ಪೆಯಲ್ಲಿ ನಾನು ನೋಡಿ ಕಲಿತದ್ದು ಇದರ ಉಲ್ಟಾ. ಕೆತ್ತಿದ ಹಲಗೆಯನ್ನು ಮುಖ ಮೇಲೆ ಮಾಡಿ ಇಟ್ಟು, ಮಸಿ ಸವರಿ, ಬಟ್ಟೆಯನ್ನು ಅದರ ಮೇಲೆ ಹಾಸಿ ಉಜ್ಜುತ್ತಾರೆ. ಬಣ್ಣಬಣ್ಣದ ಪ್ರಾರ್ಥನಾ ಬಾವುಟ ಆಗುವುದು ಹೀಗೆ. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಅಂತ ಅದೇ ಸಾಲಿನಲ್ಲಿ ಕಟ್ಟುತ್ತಾರೆ. ನಡುವೆ ಬೆನ್ನ ಮೇಲೆ ರತ್ನ ಹೊತ್ತ ಗಾಳಿಕುದುರೆ ಇರುತ್ತೆ, ನಾಲ್ಕು ಮೂಲೆಗೆ ಹುಲಿ, ಹಿಮಸಿಂಹ, ಗರುಡ, ಡ್ರ್ಯಾಗನ್. ನನ್ನ ಕೆಲಸದಲ್ಲಿ ಮಂತ್ರದ ಅಕ್ಷರ ಒಂದೂ ಇಲ್ಲ. ಮಂತ್ರ ಬರೆದ ಬಟ್ಟೆಯನ್ನು ನೆಲಕ್ಕೆ ಹಾಕಬಾರದು, ದಾಟಬಾರದು ಅಂತ ಮೋಲಾ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಪ್ರದರ್ಶನಕ್ಕೆ ಹೋಗುವ, ಯಾರುಯಾರೋ ಮುಟ್ಟುವ ಬಟ್ಟೆ ಇದು. ಬರೀ ಕುದುರೆ ಮತ್ತು ಗರುಡ ಸಾಕು ಅಂತ ಅಲ್ಲಿನ ಹಿರಿಯರೊಬ್ಬರನ್ನು ಕೇಳಿಯೇ ತೀರ್ಮಾನ ಮಾಡಿದೆ. ಕುದುರೆಯ ಹಲಗೆ ಕೆತ್ತಿಕೊಟ್ಟದ್ದೂ ಅವರೇ.

ಕಪ್ಪು ಬಣ್ಣ ಮಾತ್ರ ಮೂರನೇ ಕಡೆಯಿಂದ ಬಂತು. ಆಂಧ್ರದ ಕಲಂಕಾರಿಯವರ ಕಪ್ಪು ಅದು. ಬೆಲ್ಲದ ನೀರಿಗೆ ತುಕ್ಕು ಹಿಡಿದ ಕಬ್ಬಿಣ ಹಾಕಿ ಮಡಕೆಯಲ್ಲಿ ಎರಡು ಮೂರು ವಾರ ಹುಳಿ ಬರಲು ಬಿಡಬೇಕು. ಬಟ್ಟೆಯನ್ನು ಮೊದಲು ಅಳಲೆಕಾಯಿ ಮತ್ತು ಎಮ್ಮೆ ಹಾಲಿನಲ್ಲಿ ನೆನೆಸಿ ಒಣಗಿಸಿಕೊಂಡಿರಬೇಕು. ಹಾಲಿನ ಜಿಡ್ಡು ಇದ್ದರೆ ಬಣ್ಣ ಹರಡುವುದಿಲ್ಲ. ಅಳಲೆಯ ಒಗರಿಗೆ ಕಬ್ಬಿಣದ ನೀರು ತಗುಲಿದ ಕೂಡಲೇ ಕಪ್ಪು ಏಳುತ್ತೆ. ನಾನು ಬೆಲ್ಲವನ್ನು ಮಂಡ್ಯದ ಆಲೆಮನೆಯಿಂದ ತಂದೆ, ಕಬ್ಬಿಣಕ್ಕೆ ಮೈಸೂರಿನ ಟಾಂಗಾ ಕುದುರೆಗಳ ಸವೆದ ಲಾಳ ತಂದೆ. ಹಲಗೆಯ ಮೇಲೆ ಹರಿದು ಹೋಗದಿರಲಿ ಅಂತ ಹುಣಸೆಬೀಜದ ಸರಿ ಬೆರೆಸಿದೆ. ಮಸಿ ಗಟ್ಟಿಯಾದರೆ ಕುದುರೆಯ ಕೂದಲಿನ ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ, ತೆಳುವಾದರೆ ಗೊರಸಿನ ಹತ್ತಿರ ಸೋರುತ್ತೆ. ಅದನ್ನು ಹದಕ್ಕೆ ತರುವಷ್ಟರಲ್ಲಿ ಒಂದು ಮಳೆಗಾಲವೇ ಕಳೆಯಿತು.

ಇಂಥ ಕೆಲಸ ನಿಮ್ಮ ಕೈಗೆ ಬಂದಾಗ ಏನಾಯಿತು ನೋಡಿ.

ಮೊದಲು ಒಬ್ಬರು ಫೋನ್ ಮಾಡಿ, ಎರಡು ಗುರುತು ಹಾಕಿದ್ದೀರಿ, ಕೈಮಗ್ಗ ಅಂದರೆ ಕೈಮಗ್ಗದ ಮಳಿಗೆ, ಟಿಬೆಟಿಯನ್ ಅಂದರೆ ಟಿಬೆಟಿಯನ್ ಮಳಿಗೆ, ಬೇಕಾದರೆ ಎರಡು ಬೇರೆಬೇರೆ ಕೆಲಸ ಕೊಡಿ ಅಂದರು. ಎರಡನ್ನು ಬೇರೆ ಮಾಡಲು ಆಗಲ್ಲ, ಒಂದೇ ಬಟ್ಟೆ ಅಂದೆ. ಹಾಗಾದರೆ ‘ಇತರೆ’ಗೆ ಹಾಕಿ ಅಂದರು. ಬೇರೆ ದಾರಿ ಇರಲಿಲ್ಲ, ಒಪ್ಪಿದೆ. ಅದೇ ಹೊತ್ತಿಗೆ, ಅದೇ ಹಲಗೆಯಿಂದ, ಅದೇ ಮಸಿಯಿಂದ ಕಾಗದದ ಮೇಲೆ ತೆಗೆದ ಒಂದು ಪ್ರತಿಯನ್ನು ಗ್ರಾಫಿಕ್ ಕಲೆ, ಅಂದರೆ ಅಚ್ಚು ತೆಗೆದ ಚಿತ್ರಗಳ ವಿಭಾಗಕ್ಕೆ ಕೊಟ್ಟಿದ್ದೆ. ಅದನ್ನು ತಕರಾರಿಲ್ಲದೆ ತೆಗೆದುಕೊಂಡಿರಿ. ಕಟ್ಟು ಹಾಕಿಸಿ, ದೀಪದ ಬೆಳಕಿನಲ್ಲಿ, ಒಳಗಿನ ಹಾಲ್‌ನಲ್ಲಿ ತೂಗುಹಾಕಿದಿರಿ. ಬಟ್ಟೆ ಹೊರಗಿನ ಮಳಿಗೆ ಸಾಲಿನ ಕೊನೆಗೆ ಹೋಯಿತು. ಕಾಗದದ ಮೇಲಿದ್ದರೆ ಕಲೆ, ಬಟ್ಟೆಯ ಮೇಲಿದ್ದರೆ ವ್ಯಾಪಾರ ಅಂತ ಯಾರು ನಿಗದಿ ಮಾಡಿದರು? ಕಾಗದದ ಪ್ರತಿಯಲ್ಲಿ ಹಲಗೆ ಕೆತ್ತಿದವರ ಕೈ, ನನ್ನ ಕೈ ಮಾತ್ರ. ಬಟ್ಟೆಯಲ್ಲಿ ನೇಕಾರರ ಕೈಕೆಲಸವೂ ಇದೆ, ನನ್ನ ಕಣ್ಣಿಗೆ ಅದೇ ದೊಡ್ಡ ಕೆಲಸ.

ಇನ್ನು ಚೀಟಿ. ಬಟ್ಟೆಯ ಕೆಳಗೆ ನೀವು ಅಂಟಿಸಿದ ಚೀಟಿಯಲ್ಲಿ ‘ಟಿಬೆಟ್ ನಿರಾಶ್ರಿತರ ಕಲೆ’ ಅಂತ ಇತ್ತು. ಕೊಡಿಯಾಲ ಇಲ್ಲ, ನೇಕಾರರ ಹೆಸರಿಲ್ಲ, ಹಲಗೆ ಕೆತ್ತಿದವರ ಹೆಸರಿಲ್ಲ. ಇವೆಲ್ಲವನ್ನೂ ನಾನು ಅರ್ಜಿಯ ಜೊತೆ ಬೇರೆ ಹಾಳೆಯಲ್ಲಿ ಬರೆದು ಕೊಟ್ಟಿದ್ದೆ.

ಉದ್ಘಾಟನೆಯ ಮಾರನೇ ದಿನ ಚಿಕ್ಕಪ್ಪ ಬಸ್ಸು ಹತ್ತಿ ನೋಡೋಕೆ ಬಂದರು. ಬಿಳಿ ಪಂಚೆ ಉಟ್ಟಿದ್ದರು, ಚಿಕ್ಕಮ್ಮನನ್ನೂ ಕರೆದುಕೊಂಡು ಬಂದಿದ್ದರು. ನೇಯ್ದ ಬಟ್ಟೆಯನ್ನು ಅಂಗಡಿಗೆ ಕೊಟ್ಟು ದುಡ್ಡು ಎಣಿಸಿಕೊಂಡು ಬಂದದ್ದು ಬಿಟ್ಟರೆ, ತಾನು ನೇಯ್ದದ್ದನ್ನು ಜನ ನಿಂತು ನೋಡುವುದನ್ನು ಅವರು ಯಾವತ್ತೂ ಕಂಡವರಲ್ಲ. ಬಟ್ಟೆಯ ಹತ್ತಿರ ಹೋಗಿ ಮೊದಲು ಅಂಚು ಮುಟ್ಟಿ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ಚೀಟಿ ಓದಿದರು. ಮತ್ತೆ ಓದಿದರು. ‘ನಮ್ಮದಲ್ಲ ಅಂತ ಬರೆದವ್ರಲ್ಲವ್ವ’ ಅಂದರು, ಇನ್ನೇನೂ ಹೇಳಲಿಲ್ಲ. ಅಮ್ಮನೂ ಪಕ್ಕದಲ್ಲೇ ಇದ್ದರು. ಅವರು ಹುಟ್ಟಿದ್ದೇ ಬೈಲಕುಪ್ಪೆಯಲ್ಲಿ, ನಿಮಗಿಂತ ಚೆನ್ನಾಗಿ ಮಂಡ್ಯ ಕನ್ನಡ ಮಾತಾಡುತ್ತಾರೆ, ಮುದ್ದೆ ತಿರುವುತ್ತಾರೆ. ಇಷ್ಟು ವರ್ಷ ಆದ ಮೇಲೂ ಅವರ ಕೆಲಸಕ್ಕೆ, ಅವರ ಮಗಳ ಕೆಲಸಕ್ಕೆ ಆ ಒಂದೇ ಹೆಸರು ಬೀಳುತ್ತೆ. ಒಂದೇ ಚೀಟಿ ಆವತ್ತು ಇಬ್ಬರನ್ನೂ ನೋಯಿಸಿತು.

ಮಾನ್ಯರೇ, ಪ್ರದರ್ಶನದ ಕೈಪಿಡಿಯಲ್ಲಿ ನೀವು ‘ಮೈಸೂರಿನ ಅಪ್ಪಟ ಪರಂಪರೆ’ ಅಂತ ಬರೆದಿದ್ದೀರಿ. ಆ ಅಪ್ಪಟದ ಒಳಗೆ ಏನಿದೆ ಅಂತ ಒಂದು ಸಲ ನೋಡೋಣ. ಮೈಸೂರು ರೇಷ್ಮೆಯನ್ನೇ ತಗೊಳ್ಳಿ. ಈ ಸೀಮೆಯಲ್ಲಿ ರೇಷ್ಮೆ ಹುಳು ಸಾಕುವುದನ್ನು 18ನೇ ಶತಮಾನದ ಕೊನೆಯಲ್ಲಿ ಬೆಳೆಸಿದವನು ಟಿಪ್ಪು. ಹುಳುವಿನ ಮೊಟ್ಟೆಗೆ ಅವನು ಬಂಗಾಳಕ್ಕೆ, ಮಸ್ಕತ್‌ಗೆ ಜನ ಕಳಿಸಿದ್ದ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನೇಯ್ಗೆ ಕಾರ್ಖಾನೆ ಶುರುವಾದಾಗ ಮಗ್ಗ ಬಂದದ್ದು ಸ್ವಿಟ್ಜರ್ಲೆಂಡಿನಿಂದ. ಇಷ್ಟೆಲ್ಲ ಸೇರಿ ಆದ ಬಟ್ಟೆಗೆ 2005ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕಿತು, ನಾವೆಲ್ಲ ಹೆಮ್ಮೆಪಟ್ಟೆವು. ಅದು ಮೈಸೂರಿನದೇ, ಅದರಲ್ಲಿ ಅನುಮಾನ ಬೇಡ. ಗಂಜೀಫಾ ನೋಡಿ. ಪರ್ಷಿಯಾ ಕಡೆಯಿಂದ ಮೊಗಲರ ಮೂಲಕ ಬಂದ ಎಲೆ ಆಟ ಅದು. ನಮ್ಮಲ್ಲಿ ದಶಾವತಾರ ಬಂದು ಅದರ ಮೇಲೆ ಕೂತಿತು, ಮುಮ್ಮಡಿ ಕೃಷ್ಣರಾಜ ಒಡೆಯರು ಅದರಲ್ಲಿ ತಾವೇ ಹೊಸಹೊಸ ಆಟ ಕಟ್ಟಿದರು. ಗಂಜೀಫಾ ಬರೆಯುವವರಿಗೆ ನೀವು ‘ಪರ್ಷಿಯನ್ ಕಲೆ’ ಅಂತ ಚೀಟಿ ಅಂಟಿಸುವುದಿಲ್ಲ, ಅಲ್ವಾ? ಅಂಟಿಸಲೂ ಬಾರದು.

ಮಂಡ್ಯದ ಕಡೆಗೆ ಬಂದರೆ ಮೇಲುಕೋಟೆ ಇದೆ. ಚೆಲುವನಾರಾಯಣನ ಸನ್ನಿಧಿಯಲ್ಲಿ ಬೀಬಿ ನಾಚ್ಚಿಯಾರ್ ಇದ್ದಾಳೆ, ಡೆಲ್ಲಿ ಸುಲ್ತಾನನ ಮಗಳು ಅಂತ ಸ್ಥಳದ ಕಥೆ. ವೈರಮುಡಿಯ ದಿನ ದೇವರ ತಲೆಗೇರುವ ಕಿರೀಟವನ್ನು ತಂದುಕೊಟ್ಟವನು ಗರುಡ ಅಂತ ನಮ್ಮ ಅಪ್ಪನ ಮನೆಯಲ್ಲಿ ಕಥೆ ಹೇಳುತ್ತಿದ್ದರು. ಬಾವುಟದ ಮೂಲೆಯಲ್ಲಿ ಕೂತಿರುವ ಗರುಡನ ಬಗ್ಗೆ ಮೋಲಾ ಹೇಳುತ್ತಿದ್ದರು. ನನ್ನ ಬಟ್ಟೆಯ ಮೇಲಿನ ಗರುಡ ಯಾವ ಮನೆಯದು ಅಂತ ಕೇಳಿದರೆ ನಾನು ಏನಂತ ಗುರುತು ಹಾಕಲಿ? ಅಲ್ಲಿನ ಗರುಡನಿಗೂ ಇಲ್ಲಿನ ಗರುಡನಿಗೂ ಕೊಕ್ಕು, ರೆಕ್ಕೆ ಬೇರೆ ಬೇರೆ, ಕಥೆಯೂ ಬೇರೆ. ಎರಡನ್ನೂ ಒಂದು ಮಾಡಿ ಕಲಸುಮೇಲೋಗರ ಮಾಡುವುದು ನನಗೂ ಇಷ್ಟವಿಲ್ಲ. ಅದಕ್ಕೇ ಒಂದು ಪಟ್ಟಿಯಲ್ಲಿ ಆ ಗರುಡ, ಇನ್ನೊಂದು ಪಟ್ಟಿಯಲ್ಲಿ ಈ ಗರುಡ ಇಟ್ಟು, ಗೆರೆ ಕೂಡದ ಹಾಗೆಯೇ ಹೊಲಿದಿದ್ದೇನೆ. ಹತ್ತಿರದಿಂದ ನೋಡಿದ್ದರೆ ನಿಮಗೇ ಕಾಣುತ್ತಿತ್ತು.

ನಿಮ್ಮ ಕಷ್ಟವೂ ನನಗೆ ಗೊತ್ತು. ಪವರ್‌ಲೂಮ್ ಬಟ್ಟೆಯನ್ನು ಕೈಮಗ್ಗ ಅಂತ ಮಾರುವವರಿದ್ದಾರೆ. ಪಾಲಿಯೆಸ್ಟರ್ ಮೇಲೆ ಮೆಷಿನ್‌ನಲ್ಲಿ ಅಚ್ಚು ಹೊಡೆದು ‘ಫ್ಯೂಷನ್’ ಅನ್ನುವವರಿದ್ದಾರೆ. ಬಾವುಟದ ಮಂತ್ರವನ್ನು ಚಪ್ಪಲಿಯ ಮೇಲೆ ಅಚ್ಚು ಹಾಕಿದ್ದನ್ನೂ ನೋಡಿ ನನ್ನ ಹೊಟ್ಟೆ ಉರಿದಿದೆ. ಬಾಗಿಲು ತೆರೆದರೆ ಇಂಥವರೆಲ್ಲ ನುಗ್ಗುತ್ತಾರೆ ಅನ್ನುವ ನಿಮ್ಮ ಭಯ ಸುಳ್ಳಲ್ಲ. ಆದರೆ ಕಲಾವಿದರ ಹುಟ್ಟು ಕೇಳಿದರೆ ಮೋಸ ಸಿಕ್ಕಿಬೀಳುವುದಿಲ್ಲ. ಕೆಲಸ ಹೇಗಾಯಿತು ಅಂತ ಕೇಳಿ. ನೂಲು ಎಲ್ಲಿಯದು, ಮಗ್ಗ ಯಾರದು, ಹಲಗೆ ಕೆತ್ತಿದವರು ಯಾರು, ಬಣ್ಣಕ್ಕೆ ಏನೇನು ಹಾಕಿದ್ದೀರಿ, ಈ ಗುರುತನ್ನು ಬಳಸಲು ಆ ಮನೆಯ ಹಿರಿಯರನ್ನು ಕೇಳಿದ್ದೀರಾ ಅಂತ ಕೇಳಿ. ಸುಮ್ನೆ ಬಂದವರು ಎರಡನೇ ಪ್ರಶ್ನೆಗೇ ತಡವರಿಸುತ್ತಾರೆ.

ಈ ಕಾಲಂನಿಂದ ನೊಂದವಳು ನಾನೊಬ್ಬಳೇ ಅಲ್ಲ ಅಂತ ಈಗ ತಿಳಿಯುತ್ತಿದೆ. ತಾಯಿ ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದವರು, ತಂದೆ ಮೈಸೂರಿನವರು ಆಗಿರುವ ಒಬ್ಬ ಹುಡುಗಿ ಹಳೆ ಸೀರೆಯ ತುಂಡುಗಳ ಮೇಲೆ ಲಿನೋಕಟ್ (ಲಿನೋಲಿಯಂ ಹಾಳೆ ಕೆತ್ತಿ ಮಾಡಿದ) ಅಚ್ಚು ಹಾಕಿ ಕೌದಿ ಹೊಲಿಯುತ್ತಾಳೆ. ಅವಳಿಗೆ ಬುಡಕಟ್ಟು ಕಲೆ ಅಂತ ಗುರುತು ಹಾಕಿ, ಲಿನೋಕಟ್ ಬಿಟ್ಟುಬಿಡಿ ಅಂದರಂತೆ. ಅವಳು ಅರ್ಜಿಯನ್ನೇ ಹಾಕಲಿಲ್ಲ. ಇಂಥ ಮಕ್ಕಳು ಜಾಸ್ತಿ ಆಗುತ್ತಿದ್ದಾರೆ, ಯಾಕೆಂದರೆ ಇಂಥ ಮನೆಗಳು ಜಾಸ್ತಿ ಆಗುತ್ತಿವೆ. ಅವರು ಒಂದು ಕಡೆಯನ್ನು ಮುಚ್ಚಿಟ್ಟುಕೊಂಡು ಬಂದರೆ ಮಾತ್ರ ಒಳಗೆ ಬಿಡುತ್ತೀವಿ ಅಂದರೆ ಕೆಲಸವೂ ಅರ್ಧವೇ ಆಗುತ್ತೆ. ಕೊಡಿಯಾಲದಂಥ ಊರಿನಲ್ಲಿ ಮಗ್ಗ ಬಿಟ್ಟು ಕೂಲಿಗೆ, ಫ್ಯಾಕ್ಟರಿಗೆ ಹೋಗುವವರನ್ನು ನಾನು ನೋಡುತ್ತಲೇ ಬೆಳೆದೆ. ಹೊಸ ತರಹದ ಬೇಡಿಕೆ ಬಂದರೆ ಒಂದಿಷ್ಟು ಮಗ್ಗ ಉಳಿಯಬಹುದು. ಚಿಕ್ಕಪ್ಪ ಈ ಮೂರು ಪಟ್ಟಿ ನೇಯ್ದ ಮೇಲೆ ಪಕ್ಕದ ಮನೆಯ ಹುಡುಗ ಬಂದು, ನನಗೂ ಅಂಥದ್ದು ಹೂಡೋದು ಹೇಳಿಕೊಡಿ ಅಂತ ಕೇಳಿದ್ದ. ಚೀಟಿಯಲ್ಲಿ ಊರಿನ ಹೆಸರೇ ಇಲ್ಲದಿದ್ದರೆ ಅವನಿಗೆ ಏನಂತ ಹೇಳುವುದು?

ನಾನು ಕೇಳುವುದು ಇಷ್ಟು. ಮುಂದಿನ ವರ್ಷದ ಅರ್ಜಿಯಿಂದ ‘ಯಾವುದಾದರೂ ಒಂದಕ್ಕೆ’ ಅನ್ನುವ ಮಾತು ತೆಗೆಯಿರಿ, ಸಂಬಂಧಪಟ್ಟ ಎಲ್ಲದಕ್ಕೂ ಗುರುತು ಹಾಕಲು ಬಿಡಿ, ಕೆಳಗೆ ಎರಡು ಸಾಲು ಬರೆಯಲು ಜಾಗ ಕೊಡಿ. ಅದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ಬಟ್ಟೆಯ ಮೇಲಿನ ಮುದ್ರಣವನ್ನೂ ಗ್ರಾಫಿಕ್ ಕಲೆ ವಿಭಾಗದಲ್ಲಿ ಸೇರಿಸಿಕೊಳ್ಳಿ. ಆಯ್ಕೆ ಸಮಿತಿಯಲ್ಲಿ ಮಗ್ಗದ ಮೇಲೆ ಕೂತು ಗೊತ್ತಿರುವ ಒಬ್ಬರು, ಅಚ್ಚಿನ ಕೆಲಸ ಗೊತ್ತಿರುವ ಒಬ್ಬರು ಇರಲಿ, ಮತ್ತು ಕೊನೇ ತೀರ್ಮಾನ ಫೋಟೊ ನೋಡಿ ಆಗದೆ ಕೆಲಸವನ್ನು ಎದುರಿಗಿಟ್ಟುಕೊಂಡು ಆಗಲಿ. ಚೀಟಿಯಲ್ಲಿ ಕೆಲಸ ಮಾಡಿದ ಎಲ್ಲರ ಹೆಸರು ಬರಲಿ, ಅವರವರ ಊರಿನ ಹೆಸರು ಬರಲಿ, ಅಂಟಿಸುವ ಮೊದಲು ಕಲಾವಿದರಿಗೆ ಒಮ್ಮೆ ತೋರಿಸಿ. ‘ನಿರಾಶ್ರಿತ’ ಅನ್ನುವುದನ್ನು ಅವರಾಗಿ ಬರೆದುಕೊಂಡಿದ್ದರೆ ಮಾತ್ರ ಹಾಕಿ.

ಪ್ರದರ್ಶನ ಮುಂದಿನ ತಿಂಗಳು ಮಂಡ್ಯಕ್ಕೆ ಹೋಗುತ್ತದೆ ಅಂತ ನೀವೇ ಪ್ರಕಟಿಸಿದ್ದೀರಿ. ಅಲ್ಲಿಗೆ ಹೋಗುವ ಮುಂಚೆ ನನ್ನ ಬಟ್ಟೆಯ ಚೀಟಿ ಬದಲಾಗಬೇಕು. ಹೊಸ ಚೀಟಿಯಲ್ಲಿ ಏನಿರಬೇಕು ಅಂತ ಇಲ್ಲೇ ಬರೆಯುತ್ತೇನೆ: ಹತ್ತಿ ನೇಯ್ಗೆ, ಕೊಡಿಯಾಲ, ಶ್ರೀರಂಗಪಟ್ಟಣ ತಾಲ್ಲೂಕು. ಹಲಗೆ ಕೆತ್ತನೆ, ಬೈಲಕುಪ್ಪೆ, ಪಿರಿಯಾಪಟ್ಟಣ ತಾಲ್ಲೂಕು. ಬಣ್ಣ, ಮುದ್ರಣ ಮತ್ತು ಜೋಡಣೆ, ಮೈಸೂರು. ಹೆಸರುಗಳು ಅರ್ಜಿಯ ಜೊತೆಗಿನ ಹಾಳೆಯಲ್ಲಿವೆ, ಕಳೆದುಹೋಗಿದ್ದರೆ ಮತ್ತೆ ತಂದು ಕೊಡುತ್ತೇನೆ. ಚೀಟಿ ಬದಲಾಗದಿದ್ದರೆ ಬಟ್ಟೆಯನ್ನು ಮಂಡ್ಯಕ್ಕೆ ಕಳಿಸಲು ನನ್ನ ಒಪ್ಪಿಗೆ ಇಲ್ಲ. ದಯವಿಟ್ಟು ಉತ್ತರವನ್ನು ಈ ಸಲ ಬರಹದಲ್ಲಿ ಕೊಡಿ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಮುದ್ರಣ ಕಲಾವಿದೆ
ಮೈಸೂರು